ಅಕ್ಕನ ಮಗಳು ಗುರುತಿಸದ ಬಿಳಿ ಕೊಳವೆ

ಈ ಸಲದ ದಸರೆಗೆ ಮಲ್ಲೇಶ್ವರದ ಅಕ್ಕನ ಮನೆಗೆ ಬರುವಾಗ ಚಾಕೊಲೇಟಿನ ಜೊತೆಗೆ ಇನ್ನೊಂದು ವಸ್ತುವನ್ನೂ ತಂದಿದ್ದೆ. ಗೇಣುದ್ದದ ದಪ್ಪನೆಯ ಬಿಳಿ ಕೊಳವೆ. ಒಳಮೈ ಮಾತ್ರ ಮಸಿ ಹಿಡಿದು ಕಪ್ಪಾಗಿತ್ತು. ಸ್ವಿಟ್ಜರ್ಲೆಂಡಿನ ಬಾಡೆನ್ ಎಂಬ ಊರಿನಲ್ಲಿ ನಾನು ಕೆಲಸ ಮಾಡುವ ಪ್ರಯೋಗಶಾಲೆಯಲ್ಲಿ ಹಳೆಯ ಮಾದರಿಯ ಸರ್ಕಿಟ್ ಬ್ರೇಕರಿನಿಂದ, ಅಂದರೆ ಅಪಾಯದ ಹೊತ್ತಿನಲ್ಲಿ ವಿದ್ಯುತ್ ಪ್ರವಾಹ ಕಡಿಯುವ ಸಾಧನದಿಂದ, ಬಿಚ್ಚಿ ಗುಜರಿಗೆ ಹಾಕಿದ್ದ ನಾಜಲ್ ಅದು, ಒಳಗೆ ಅನಿಲ ಹರಿಯುವ ಕೊಳವೆ. ಕೇಳಿ ಪಡೆದು, ಚೆನ್ನಾಗಿ ಶುಚಿ ಮಾಡಿಸಿ ತಂದೆ. ಅಕ್ಕನ ಮಗಳು ವೈಟ್‌ಫೀಲ್ಡಿನ ಕಚೇರಿಯೊಂದರಲ್ಲಿ ಮೂರು ವರ್ಷಗಳಿಂದ ಇಂಥ ನಾಜಲ್‌ಗಳೊಳಗೆ ಉರಿಯುವ ಆರ್ಕನ್ನು, ಅಂದರೆ ವಿದ್ಯುತ್ತಿನ ಜ್ವಾಲೆಯನ್ನು, ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತಿದ್ದಾಳೆ. ಕಂಡರೆ ಹಿಗ್ಗುತ್ತಾಳೆ ಎಂದುಕೊಂಡಿದ್ದೆ.

ಆಯುಧಪೂಜೆಯ ಬೆಳಿಗ್ಗೆ ಭಾವನ ಸ್ಕೂಟರಿಗೆ ಸೇವಂತಿಗೆ ಹಾರ ಬಿದ್ದಿತ್ತು, ಅವಳ ಲ್ಯಾಪ್‌ಟಾಪಿಗೂ ಅರಿಶಿನ ಕುಂಕುಮ ಆಗಿತ್ತು. ನಾಜಲ್ಲನ್ನು ಅದರ ಪಕ್ಕದಲ್ಲಿಟ್ಟೆ. ಅವಳು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿ, "ಇದೇನು ಮಾವ?" ಎಂದು ಕೇಳಿದಳು.

ಇಂಥದೇ ನಾಜಲ್ಲಿನ ಗಂಟಲು ಎಷ್ಟು ಅಗಲ, ಎಲ್ಲಿ ಎಷ್ಟು ಓರೆಯಾಗಿ ಹಿಗ್ಗುತ್ತದೆ ಎಂಬುದನ್ನು ಮಿಲಿಮೀಟರಿನ ಹತ್ತನೆಯ ಭಾಗದವರೆಗೆ ಬಾಯಿಪಾಠವಾಗಿ ಹೇಳಬಲ್ಲ ಹುಡುಗಿ ಅವಳು. ನನಗೆ ಚುಚ್ಚಿದಂತಾಯಿತು. ಅಷ್ಟರಲ್ಲಿ ಕಾಫಿ ಲೋಟ ಹಿಡಿದು ಬಂದ ಭಾವ ದೂರದಿಂದಲೇ, "ಎಸ್‌ಎಫ್-6 ಬ್ರೇಕರಿನ ನಾಜಲ್ ಅಲ್ಲವೇನೋ ಅದು?" ಎಂದರು. ಇಂಥ ಬ್ರೇಕರಿನೊಳಗೆ ತುಂಬುವ ಸಲ್ಫರ್ ಹೆಕ್ಸಾಫ್ಲೋರೈಡ್ ಅನಿಲವೇ ಎಸ್‌ಎಫ್-6. ಹತ್ತಿರ ಬಂದು ಮೊದಲು ಮಾಡಿದ ಕೆಲಸವೆಂದರೆ ಮೂಸಿದ್ದು. ಮೂವತ್ತು ವರ್ಷ ವಿದ್ಯುತ್ ಉಪಕೇಂದ್ರಗಳಲ್ಲಿ ದುಡಿದು ನಿವೃತ್ತರಾದವರು. ಸುಟ್ಟ ಬ್ರೇಕರನ್ನು ಬಿಚ್ಚಿದಾಗ ಬರುವ ಕೊಳೆತ ಮೊಟ್ಟೆಯ ವಾಸನೆ, ಒಳಗೆಲ್ಲ ಕೂತಿರುವ ಬಿಳಿ ಪುಡಿ, ಅದನ್ನು ಮುಟ್ಟಬಾರದೆಂದು ಕೈಗವಸು, ಮುಖಗವಸು ತೊಟ್ಟು ಸೆಕೆಯಲ್ಲಿ ಬೆವರಿದ್ದು, ಎಲ್ಲವನ್ನೂ ಹೇಳುತ್ತ ಹೋದರು. ಮಗಳು ಕಣ್ಣರಳಿಸಿ ಕೇಳಿದಳು. ಒಂದೇ ಸೂರಿನಡಿ ಇರುವ ಅಪ್ಪ ಮಗಳ ನಡುವೆ ಮೂರು ವರ್ಷಗಳಲ್ಲಿ ಈ ಮಾತು ಒಮ್ಮೆಯೂ ಬಂದಿರಲಿಲ್ಲ.

ಮಲ್ಲೇಶ್ವರದ ಆ ಮನೆಯಲ್ಲಿ ನಾನು ಕಂಡದ್ದೇ ಬೆಂಗಳೂರಿನ ಕೊರತೆ ಎಂದು ನನಗೆ ಅನ್ನಿಸುತ್ತದೆ. ಇಲ್ಲಿ ಲೆಕ್ಕ ಹಾಕುವವರು ಬೇರೆ, ಬಿಚ್ಚಿ ನೋಡುವವರು ಬೇರೆ, ಇಬ್ಬರೂ ಒಬ್ಬರ ಮುಖವನ್ನೊಬ್ಬರು ನೋಡುವುದಿಲ್ಲ.

ಇದು ಯಾಕೆ ಅಷ್ಟು ಮುಖ್ಯ ಎನ್ನುವವರು ಆ ಕೊಳವೆಯೊಳಗೆ ನಡೆಯುವುದನ್ನು ಸ್ವಲ್ಪ ಊಹಿಸಿಕೊಳ್ಳಬೇಕು. ಎಲ್ಲೋ ತಂತಿ ಹರಿದು ಬಿದ್ದು ಹತ್ತಾರು ಸಾವಿರ ಆಂಪಿಯರ್ ಪ್ರವಾಹ ನುಗ್ಗಿದಾಗ ಬ್ರೇಕರಿನ ಎರಡು ತುದಿಗಳು ಬೇರ್ಪಡುತ್ತವೆ. ತುದಿಗಳು ದೂರವಾದರೂ ಪ್ರವಾಹ ನಿಲ್ಲುವುದಿಲ್ಲ. ನಡುವಿನ ಅನಿಲವೇ ಕಾದು ವಾಹಕವಾಗಿ ಆರ್ಕ್ ಹೊತ್ತಿಕೊಳ್ಳುತ್ತದೆ. ಸೂರ್ಯನ ಮೇಲ್ಮೈ ಸುಮಾರು 5,500 ಡಿಗ್ರಿ ಸೆಲ್ಸಿಯಸ್ ಇದ್ದರೆ ಈ ಆರ್ಕಿನ ನಡುಭಾಗ 20,000 ಡಿಗ್ರಿಯನ್ನೂ ಮುಟ್ಟುತ್ತದೆ. ಅದನ್ನು ಬಲವಂತದಿಂದ ಕತ್ತರಿಸಲಾಗದು. ನಮ್ಮ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಪ್ರವಾಹ ಸೆಕೆಂಡಿಗೆ 100 ಬಾರಿ ತಾನಾಗಿ ಸೊನ್ನೆಗೆ ಬರುತ್ತದಲ್ಲ, ಆ ಗಳಿಗೆಗಾಗಿ ಕಾಯಬೇಕು. ಕಾಯುವಾಗ ಆರ್ಕಿನ ಬೆಳಕೇ ನಾಜಲ್ಲಿನ ಒಳಮೈಯನ್ನು ಆವಿಯಾಗಿಸುತ್ತದೆ. ನಮ್ಮ ದೋಸೆ ಕಾವಲಿಗೆ ಬಳಿಯುವ ಟೆಫ್ಲಾನೇ ಅದು. ಆ ಆವಿ ಪಕ್ಕದ ಕೋಣೆಯಲ್ಲಿ ಒತ್ತಡವಾಗಿ ಸೇರಿ, ಸೊನ್ನೆಯ ಹೊತ್ತಿಗೆ ತಿರುಗಿ ಬೀಸಿ, ಕೆಲವೇ ಮೈಕ್ರೋಸೆಕೆಂಡುಗಳಲ್ಲಿ ಆರ್ಕನ್ನು ತಣಿಸಬೇಕು. ತಣಿಯದಿದ್ದರೆ, ಆ ಕೂಡಲೇ ಎರಡು ತುದಿಗಳ ನಡುವೆ ಏರಿ ಬರುವ ವೋಲ್ಟೇಜ್ ಅದನ್ನು ಮತ್ತೆ ಹೊತ್ತಿಸುತ್ತದೆ.

ಇದನ್ನು ಕಂಪ್ಯೂಟರಿನಲ್ಲಿ ಮೂಡಿಸಬೇಕಾದರೆ ಶಬ್ದದ ವೇಗ ಮೀರಿದ ಅನಿಲದ ಹರಿವು, ಕಾಂತಕ್ಷೇತ್ರ, ಬೆಳಕಿನ ವಿಕಿರಣ, ಸವೆಯುವ ಗೋಡೆ, ಸರಿಯುವ ತುದಿ, ಇಷ್ಟನ್ನೂ ಒಟ್ಟಿಗೇ ಬಿಡಿಸಬೇಕು. ಕ್ಯಾಸಿ ಎಂಬ ಸಂಶೋಧಕ 1939ರಲ್ಲಿ, ಮೇಯರ್ ಎಂಬ ಇನ್ನೊಬ್ಬರು 1943ರಲ್ಲಿ ಇಡೀ ಆರ್ಕನ್ನು ಒಂದೊಂದು ಸಮೀಕರಣಕ್ಕೆ ಇಳಿಸಿದ್ದರು. ಅವುಗಳೊಳಗಿನ ಸ್ಥಿರಾಂಕಗಳನ್ನು ನಿಜವಾದ ಬ್ರೇಕರನ್ನು ಸುಟ್ಟೇ ಕಂಡುಕೊಳ್ಳಬೇಕಿತ್ತು. ಇಂದಿನ ದೊಡ್ಡ ಲೆಕ್ಕಗಳಲ್ಲೂ ವಿಕಿರಣ ಎಷ್ಟು ಹೀರಲ್ಪಡುತ್ತದೆ, ಗೋಡೆ ಎಷ್ಟು ಸವೆಯುತ್ತದೆ ಎಂಬಲ್ಲಿ ಯಾರೋ ಒಬ್ಬರು ಸುಟ್ಟು ನೋಡಿ ತಿದ್ದಿದ ಅಂಕಿಗಳು ಕೂತಿರುತ್ತವೆ. ಯಾವ ಅಂಕಿಯನ್ನು ಎಷ್ಟು ನಂಬಬೇಕು ಎಂಬುದು ಕಂಪ್ಯೂಟರಿನ ಪರದೆಯ ಮೇಲೆ ಬರೆದಿರುವುದಿಲ್ಲ.

ಇದನ್ನು ನಾನು ಕಲಿತದ್ದು ಬಾಡೆನ್ನಿನಲ್ಲಿ. ಬ್ರೌನ್ ಮತ್ತು ಬೊವೇರಿ 1891ರಲ್ಲಿ ತಮ್ಮ ವಿದ್ಯುತ್ ಯಂತ್ರಗಳ ಕಾರ್ಖಾನೆ ಕಟ್ಟಿದ ಪುಟ್ಟ ಊರು ಅದು. ಒಮ್ಮೆ ನಮ್ಮ ತಂಡದ ಲೆಕ್ಕವೂ ಪರೀಕ್ಷೆಯಲ್ಲಿ ಅಳೆದ ಒತ್ತಡವೂ ಗೆರೆಯ ಮೇಲೆ ಗೆರೆ ಕೂತಂತೆ ಹೊಂದಿದ್ದವು. ಆದರೂ ಬ್ರೇಕರ್ ಪ್ರವಾಹವನ್ನು ತಡೆಯಲಿಲ್ಲ. ಎರಡು ವಾರ ನಾವು ಪರದೆ ಬಿಟ್ಟು ಏಳಲಿಲ್ಲ. ಕೊನೆಗೆ ಬಿಚ್ಚಿದಾಗ, ಹದಿನಾರನೆಯ ವಯಸ್ಸಿಗೇ ಕೆಲಸ ಕಲಿಯಲು ಸೇರಿ ಅಲ್ಲೇ ತಲೆ ನರೆತ ತಂತ್ರಜ್ಞರೊಬ್ಬರು ಬೆರಳನ್ನು ನಾಜಲ್ಲಿನೊಳಗೆ ಇಳಿಸಿ ಸುತ್ತಲೂ ಸವರಿ, "ಈ ಕಡೆ ಹೆಚ್ಚು ಸವೆದಿದೆ" ಎಂದರು. ನಾಜಲ್ ದುಂಡಗಿದೆಯಲ್ಲ, ಆರ್ಕೂ ನಟ್ಟನಡುವೆ ನಿಲ್ಲುತ್ತದೆ ಎಂದೇ ಇಟ್ಟುಕೊಂಡು ಲೆಕ್ಕ ಹಾಕುವುದು ನಮ್ಮಲ್ಲಿ ರೂಢಿ. ಹಾಗಿಲ್ಲದಿದ್ದರೆ ಲೆಕ್ಕ ವಾರಗಟ್ಟಲೆ ಹಿಡಿಯುತ್ತದೆ. ನಮ್ಮ ಬ್ರೇಕರಿನಲ್ಲಿ ಬಿಸಿ ಅನಿಲ ಹೊರಬೀಳುವ ದಾರಿ ಒಂದೇ ಕಡೆಗಿತ್ತು, ಆರ್ಕ್ ಅತ್ತ ವಾಲಿತ್ತು. ಮುಂದಿನ ವಿನ್ಯಾಸದ ಸಭೆಯಲ್ಲಿ ಆ ತಂತ್ರಜ್ಞರು ಡಾಕ್ಟರೇಟ್ ಪಡೆದವರ ಸಾಲಿನಲ್ಲೇ ಕೂತಿದ್ದರು. ಅವರ ಮಾತಿನ ಮೇಲೆಯೇ ವಿನ್ಯಾಸದ ನಕ್ಷೆ ಬದಲಾಯಿತು.

ನಮ್ಮ ಭಾವನನ್ನು ಬೆಂಗಳೂರಿನ ಯಾವ ಕಚೇರಿ ಹಾಗೆ ಕೂರಿಸಿಕೊಂಡೀತು? ಅವರ ಮೂವತ್ತು ವರ್ಷದ ಅನುಭವ ಈಗ ಸಂಪಿಗೆ ರಸ್ತೆಯ ತರಕಾರಿ ಚೀಲದ ಜೊತೆ ಓಡಾಡುತ್ತಿದೆ. ಮಗಳು ಮೆಜೆಸ್ಟಿಕ್ಕಿನಲ್ಲಿ ಮೆಟ್ರೊ ಬದಲಿಸಿ ವೈಟ್‌ಫೀಲ್ಡಿಗೆ ಹೋಗುತ್ತಾಳೆ, ರಾತ್ರಿ ಬರುತ್ತಾಳೆ. ಅವಳ ಮನೆಯಿಂದ ನಡೆದೇ ಹೋಗಬಹುದಾದಷ್ಟು ಹತ್ತಿರದಲ್ಲಿ, ಸರ್ ಸಿ.ವಿ. ರಾಮನ್ ರಸ್ತೆಯಲ್ಲಿ, 1960ರಿಂದ ಕೇಂದ್ರೀಯ ವಿದ್ಯುತ್ ಸಂಶೋಧನಾ ಸಂಸ್ಥೆ ಇದೆ. ಬ್ರೇಕರ್‌ಗಳನ್ನು ನಿಜವಾದ ಶಾರ್ಟ್ ಸರ್ಕಿಟ್ಟಿಗೆ ಒಡ್ಡಿ ನೋಡುವ ಜಾಗ ಅದು. ಅದರ ಮುಂದೆ ಸಾವಿರ ಸಲ ಹಾದುಹೋಗಿದ್ದಾಳೆ. ಒಂದು ದಿನ ಹೋಗಿ ಪರೀಕ್ಷೆ ನೋಡಿ ಬಾ ಎಂದು ಅವಳ ಮೇಲಿನವರು ಯಾರೂ ಹೇಳಿಲ್ಲ. ಕೇಳಿದ್ದಕ್ಕೆ, ಅದು ನಿನ್ನ ಕೆಲಸದಲ್ಲಿ ಬರುವುದಿಲ್ಲ ಎಂದರಂತೆ.

ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ 1902ರಲ್ಲೇ ತಂತಿ ಎಳೆದ ಸೀಮೆ ಇದು. 1905ರಲ್ಲಿ ಇದೇ ಊರಿನ ಬೀದಿಯಲ್ಲಿ ವಿದ್ಯುತ್ ದೀಪ ಹತ್ತಿತು. ಕಂಬ ನೆಟ್ಟು, ತಂತಿ ಬಿಗಿದು, ಸಿಡಿಲು ಬಡಿದರೆ ಮತ್ತೆ ಕಟ್ಟಿ ಕಲಿತವರ ಊರಿನಲ್ಲಿ ಇವತ್ತು ಜಗತ್ತಿನ ಅರ್ಧ ಲೆಕ್ಕ ನಡೆಯುತ್ತಿದೆ ಎಂದು ಬೀಗುತ್ತೇವೆ. ಲೆಕ್ಕ ಹಾಕುವ ಕೈಗೆ ಲೆಕ್ಕದ ವಸ್ತುವನ್ನೇ ಮುಟ್ಟಿಸದಿದ್ದರೆ ಆ ಹೆಮ್ಮೆಯಲ್ಲಿ ನಮ್ಮದು ಎನ್ನುವುದು ಎಷ್ಟಿದೆ? ಪ್ರತಿ ವರ್ಷ ಬಂದಾಗಲೂ ಈ ಸಿಟ್ಟು ನನ್ನಲ್ಲಿ ಏಳುತ್ತದೆ. ಈ ಸಲ ಮನೆಯ ಹುಡುಗಿಯನ್ನೇ ಕಂಡು ಎದ್ದಿತು.

ಇಷ್ಟು ಬರೆದ ಮೇಲೆ ಹೇಳದೆ ಬಿಡಲಾಗದ ಕೆಲವು ಮಾತುಗಳಿವೆ. ಅಂದು ರಾತ್ರಿ ಅವಳು ಲ್ಯಾಪ್‌ಟಾಪಿನಲ್ಲಿ ತನ್ನ ಲೆಕ್ಕದ ಬಗೆಯನ್ನು ತೋರಿಸಿದಳು. ಆರ್ಕ್ ನಟ್ಟನಡುವೆ ನಿಲ್ಲುತ್ತದೆ ಎಂಬ ಊಹೆಯನ್ನು ಅವಳು ಕೈಬಿಟ್ಟು ವರ್ಷವಾಗಿದೆ. ಪೂರ್ಣ ಮೂರು ಆಯಾಮದಲ್ಲಿ ಆರ್ಕ್ ತಿರುಚಿಕೊಂಡು ಗೋಡೆಗೆ ತಾಗುವುದನ್ನು ಅವಳ ಪರದೆಯ ಮೇಲೆ ಕಂಡೆ. ನಮ್ಮ ತಂತ್ರಜ್ಞರ ಬೆರಳು ಹೇಳಿದ್ದನ್ನು ಅವಳು ಯಾರೂ ಹೇಳಿಕೊಡದೆ ಸಮೀಕರಣದ ದಾರಿಯಿಂದ ತಲುಪಿದ್ದಳು. ಎಸ್‌ಎಫ್-6 ಅನಿಲ ನೂರು ವರ್ಷಗಳ ಅವಧಿಯಲ್ಲಿ ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 23,500 ಪಟ್ಟು ಭೂಮಿಯನ್ನು ಬಿಸಿ ಮಾಡುವಂಥದು. ಐರೋಪ್ಯ ಒಕ್ಕೂಟದ 2024ರ ನಿಯಮ ಹೊಸ ಸಾಧನಗಳಲ್ಲಿ ಅದರ ಬಳಕೆಯನ್ನು 2026ರಿಂದ 2032ರವರೆಗೆ ಹಂತ ಹಂತವಾಗಿ ತಡೆಯುತ್ತದೆ. ಬದಲಿ ಅನಿಲಗಳಿಗೆ ಬ್ರೇಕರಿನ ಇಡೀ ಒಳಗನ್ನು ಹೊಸದಾಗಿ ರೂಪಿಸಬೇಕು. ಸುಟ್ಟು, ಬಿಚ್ಚಿ, ತಿದ್ದಿ, ಮತ್ತೆ ಸುಡುವ ಹಳೆಯ ಕ್ರಮವೊಂದನ್ನೇ ನಂಬಿದರೆ ಆ ಗಡುವು ಮುಟ್ಟಲು ಆಗದು. ವೈಟ್‌ಫೀಲ್ಡಿನ ಈ ಹುಡುಗ ಹುಡುಗಿಯರ ಲೆಕ್ಕವಿಲ್ಲದೆ ಯುರೋಪಿನ ಕೆಲಸ ಸಾಗುವುದಿಲ್ಲ. ನಮ್ಮ ಆ ತಂತ್ರಜ್ಞರೂ ಬರುವ ವರ್ಷ ನಿವೃತ್ತರಾಗುತ್ತಾರೆ.

ಇನ್ನೊಂದು ಮಾತನ್ನು ಅವಳೇ ಹೇಳಿದಳು, ನನಗೆ ಒಪ್ಪಿಕೊಳ್ಳಲು ಕಷ್ಟವಾಯಿತು. ಯುರೋಪಿನಿಂದ ಅವಳಿಗೆ ಬರುವ ಪರೀಕ್ಷಾ ವರದಿಯಲ್ಲಿ ಒತ್ತಡದ ಗೆರೆ ಇರುತ್ತದೆ, ವೋಲ್ಟೇಜಿನ ಗೆರೆ ಇರುತ್ತದೆ. ಬಿಚ್ಚಿದ ನಾಜಲ್ಲಿನ ಒಂದು ಫೋಟೊ ಕೂಡ ಇರುವುದಿಲ್ಲ. ಕಳುಹಿಸುವವರು ನನ್ನಂಥವರೇ. ನಾನೂ ಬೆಂಗಳೂರಿನ ತಂಡಗಳಿಗೆ ಅಂಥ ವರದಿಗಳನ್ನು ಕಳುಹಿಸಿದ್ದೇನೆ. ಫೋಟೊಗಳು ನನ್ನ ಬಳಿಯೇ ಉಳಿದಿವೆ.

ಹೊರಡುವ ದಿನ ನೋಡಿದರೆ ನಾಜಲ್ಲಿನ ಮೇಲೂ ಅಕ್ಕ ಇಟ್ಟ ಕುಂಕುಮ ಹಾಗೇ ಇತ್ತು. ಭಾವ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು, ಸವೆತ ಯಾವ ಕಡೆ ಜಾಸ್ತಿ ಎಂದು ಮಗಳ ಬೆರಳನ್ನು ಒಳಗೆ ಇಳಿಸಿ ತೋರಿಸುತ್ತಿದ್ದರು. ಬಾಗಿಲವರೆಗೆ ಬಂದ ಅವಳು, "ಮುಂದಿನ ಸಲ ಸುಡದೇ ಇರುವುದನ್ನೂ ಒಂದು ತನ್ನಿ ಮಾವ, ಪಕ್ಕದಲ್ಲಿಟ್ಟು ಅಳೆಯಬೇಕು" ಎಂದಳು.