ಟಿವಿಯಲ್ಲಿ ಬಾರದಿದ್ದರೆ ಪರಿಹಾರ ಸಿಗುವುದಿಲ್ಲವೇ?

ಕೊಡಗಿನಲ್ಲಿ ಮಳೆ ಜೋರಾದಾಗಲೆಲ್ಲ ವಾಟ್ಸ್ಆ್ಯಪ್‌ನಲ್ಲಿ ಒಂದು ಸಂದೇಶ ಓಡಾಡುತ್ತದೆ: ಟಿವಿಯವರು ತೋರಿಸಿ, ಕೇಂದ್ರ ‘ರಾಷ್ಟ್ರೀಯ ವಿಪತ್ತು’ ಎಂದು ಘೋಷಿಸಿದರೆ ಮಾತ್ರ ಪರಿಹಾರ ಎಂದು. ಆತಂಕದಲ್ಲಿ ಹಂಚುವವರನ್ನು ದೂರಬೇಕಿಲ್ಲ, ಆದರೆ ಮಾತು ತಪ್ಪು.

ಹಾಗೆ ಘೋಷಿಸುವ ಅವಕಾಶವೇ ನಿಯಮದಲ್ಲಿಲ್ಲ. ಪರಿಹಾರ ಮೊದಲು ಬರುವುದು ರಾಜ್ಯ ವಿಪತ್ತು ಸ್ಪಂದನಾ ನಿಧಿಯಿಂದ. ಕರ್ನಾಟಕದಲ್ಲಿ ಅದಕ್ಕೆ ಕೇಂದ್ರದ ಪಾಲು ಶೇ 75, ರಾಜ್ಯದ್ದು ಶೇ 25. ಪ್ರವಾಹ, ಭೂಕುಸಿತ, ಮೇಘಸ್ಫೋಟ ಮೂರೂ ಅದರ ಪಟ್ಟಿಯಲ್ಲಿವೆ. ಬೆಳೆಗಾದರೆ ಹಾನಿ ಶೇ 33 ಮುಟ್ಟಿರಬೇಕು.

ಸುದ್ದಿಯಾದ ಊರಿಗೆ ಅಧಿಕಾರಿಗಳು ಬೇಗ ಬರುತ್ತಾರೆ ಎಂಬುದು ನಿಜವೇ. ಆದರೆ ಹಣಕ್ಕೆ ಆಧಾರ ಮಹಜರು, ಅಂದರೆ ಸ್ಥಳ ಪರಿಶೀಲಿಸಿ ಬರೆಯುವ ವರದಿ. ಎಡವುವುದು ಇಲ್ಲೇ: ಕ್ಯಾಮೆರಾಕ್ಕೆ ಕಾದು, ಕೊನೆಗೆ ಬರೆ (ಮಣ್ಣಿನ ದಿಬ್ಬ) ಕುಸಿದ ಮಣ್ಣನ್ನು ಜೆಸಿಬಿಯಿಂದ ತೆಗೆಸಿದ ಮೇಲೆ ಪರಿಶೀಲನೆಗೆ ಬಂದವರಿಗೆ ಏನೂ ಕಾಣುವುದಿಲ್ಲ. ಗೋಡೆ ಬಿದ್ದ ದಿನವೇ ನಾಲ್ಕೂ ಬದಿಯ ಫೋಟೊ ತೆಗೆದು, ಜಿಲ್ಲಾ ವಿಪತ್ತು ಸಹಾಯವಾಣಿ 1077ಕ್ಕೆ ತಿಳಿಸಿ, ಗ್ರಾಮ ಆಡಳಿತಾಧಿಕಾರಿಗೆ ಅರ್ಜಿ ಕೊಟ್ಟು ಸ್ವೀಕೃತಿ ಪಡೆಯಿರಿ.

ಇಂಥ ಸಂದೇಶ ಬಂದಾಗ ಆದೇಶದ ಸಂಖ್ಯೆ, ದಿನಾಂಕ ಇದೆಯೇ ನೋಡಿ. ಇದ್ದರೆ ತಾಲ್ಲೂಕು ಕಚೇರಿಯಲ್ಲಿ ತೋರಿಸಿ ಕೇಳಿ. ಪರಿಹಾರದ ದರಪಟ್ಟಿ ಕೇಂದ್ರ ಗೃಹ ಸಚಿವಾಲಯದ ವಿಪತ್ತು ನಿರ್ವಹಣಾ ಜಾಲತಾಣದಲ್ಲೇ ಸಿಗುತ್ತದೆ.