ಕಣ್ಣಿಗೆ ಕಾಡಿಗೆ ಹಚ್ಚಲು ಕಲಿಸಿದ ದೇವದೂತನಿಗೆ ಬಂಡೆಯಡಿಯ ಶಿಕ್ಷೆ

ಹೆಚ್ಚಿನ ಚರ್ಚುಗಳು ಬೈಬಲ್ಲಿನಿಂದ ಹೊರಗಿಟ್ಟ ಹನೋಕನೆಂಬ ಪುರಾತನ ಭಕ್ತನ ಹೆಸರಿನ ಪುಸ್ತಕವನ್ನು ಇಥಿಯೋಪಿಯಾದವರು ಬಿಟ್ಟುಕೊಡಲಿಲ್ಲ. ಇಲ್ಲಿನ ಆರ್ಥೊಡಾಕ್ಸ್ ಚರ್ಚಿನ 81 ಪವಿತ್ರ ಪುಸ್ತಕಗಳಲ್ಲಿ ಅದೂ ಒಂದು. ಪೂರ್ತಿಯಾಗಿ ಉಳಿದಿರುವುದೂ ಇಲ್ಲಿನ ಹಳೆಯ ಗೀಜ್ ಭಾಷೆಯಲ್ಲೇ. ಅಡಿಸ್ ಅಬಾಬಾದಲ್ಲಿ ನೆಲೆಸಿದ ಮೇಲೆ ನಾನೂ ಕುತೂಹಲಕ್ಕೆ ಅದನ್ನು ಅನುವಾದದಲ್ಲಿ ಓದಿದೆ.

ಕಥೆ ಇಷ್ಟು. 200 ದೇವದೂತರು ಭೂಮಿಯ ಹೆಣ್ಣುಗಳನ್ನು ಕಂಡು ಮರುಳಾಗುತ್ತಾರೆ. ಯಾರೂ ಹಿಂದೆ ಸರಿಯಬಾರದೆಂದು ಆಣೆ ಮಾಡಿ ಹೆರ್ಮೋನ್ ಬೆಟ್ಟದ ಮೇಲೆ ಇಳಿಯುತ್ತಾರೆ. ಅವರಲ್ಲಿ ಒಬ್ಬ ಅಜಾಜೇಲ. ಅವನ ಮೇಲಿನ ಆರೋಪಪಟ್ಟಿ ನೋಡಿ ನನಗೆ ನಗು ಬಂತು. ಗಂಡಸರಿಗೆ ಕತ್ತಿ, ಚೂರಿ, ಗುರಾಣಿ ಮಾಡುವುದನ್ನು ಕಲಿಸಿದ. ಬಳೆ, ಒಡವೆ, ಕಣ್ಣಿಗೆ ಹಚ್ಚುವ ಕಪ್ಪು, ಬಟ್ಟೆಗೆ ಬಣ್ಣ, ಇವೂ ಅವನದೇ ವಿದ್ಯೆ. ನಮ್ಮಲ್ಲಾಗಿದ್ದರೆ ಆಯುಧಪೂಜೆಯ ದಿನ ಅವನ ಹೆಸರಲ್ಲೇ ಒಂದು ಕುಂಬಳಕಾಯಿ ಒಡೆಯುತ್ತಿದ್ದೆವು, ಅಲ್ವಾ? ಹಸುಗೂಸಿಗೂ ಕಾಡಿಗೆ ತೀಡುವ ಜನ ನಾವು.

ಅಲ್ಲಿ ಸಿಕ್ಕಿದ್ದು ಶಿಕ್ಷೆ. ದೇವರ ಅಪ್ಪಣೆಯಂತೆ ರಫಾಯೇಲನೆಂಬ ದೇವದೂತ ಅವನ ಕೈಕಾಲು ಕಟ್ಟಿ, ದುದಾಯೇಲ್ ಎಂಬ ಮರುಭೂಮಿಯ ಹಳ್ಳಕ್ಕೆ ಎಸೆದು, ಮೇಲೆ ಚೂಪು ಬಂಡೆ ಹೇರುತ್ತಾನೆ. ಬೆಳಕು ಕಾಣದ ಹಾಗೆ ಮುಖವನ್ನೂ ಮುಚ್ಚುತ್ತಾನೆ. ಕೊನೆಯ ತೀರ್ಪಿನ ದಿನ ಬೆಂಕಿ. ಬಿದ್ದ ದೂತರೆಲ್ಲ ಹನೋಕನ ಕೈಲಿ ಕ್ಷಮೆಯ ಅರ್ಜಿ ಬರೆಸುತ್ತಾರೆ. ಅದೂ ತಿರಸ್ಕಾರ.

ಇದನ್ನು ಓದುವಾಗ ಜಯ ವಿಜಯರು ನೆನಪಾಗದೆ ಇರುತ್ತಾರೆಯೇ? ವೈಕುಂಠದ ಬಾಗಿಲು ಕಾಯುತ್ತಿದ್ದವರು ಸನಕಾದಿಗಳ ಶಾಪಕ್ಕೆ ಬಿದ್ದರು. ಹಿರಣ್ಯಾಕ್ಷ ಹಿರಣ್ಯಕಶಿಪು, ರಾವಣ ಕುಂಭಕರ್ಣ, ಶಿಶುಪಾಲ ದಂತವಕ್ರ, ಹೀಗೆ ಮೂರು ಜನ್ಮ ಕಳೆದು ಮತ್ತೆ ಬಾಗಿಲಿಗೆ ಬಂದರು. ರಾವಣನ ಮೇಲೆ ನಮಗೆ ಅಷ್ಟು ಕರುಣೆ ಉಳಿದಿರುವುದಕ್ಕೆ ಇದೂ ಒಂದು ಕಾರಣ ಇರಬಹುದು. ಯಕ್ಷಗಾನದಲ್ಲಿ ಅವನ ಪ್ರವೇಶಕ್ಕಿರುವ ಗತ್ತು ನೋಡಿ. ಬಿದ್ದವನಿಗೆ ಮರಳುವ ದಾರಿ ಇಡುವ ನಮ್ಮ ಕ್ರಮವೇ ನನಗೆ ಜಾಸ್ತಿ ಇಷ್ಟ.

ಹಾಗಂತ ಸುಮ್ನೆ ಬೀಗುವ ಹಾಗಿಲ್ಲ. ಇಥಿಯೋಪಿಯಾದ ಹಳ್ಳಿಗಳಲ್ಲಿ ಕಮ್ಮಾರರನ್ನೂ ಕುಂಬಾರರನ್ನೂ 'ಬುಡಾ', ಅಂದರೆ ಕೆಟ್ಟ ಕಣ್ಣಿನವರು, ಎಂದು ದೂರವಿಟ್ಟ ಇತಿಹಾಸ ಇದೆ. ಅವರು ಮಾಡಿಕೊಟ್ಟ ನೇಗಿಲು ಬೇಕು, ಅವರ ಜೊತೆ ಊಟ ಬೇಡ. ನಾವು ಉಳಿಗೆ ಕುಂಕುಮ ಇಟ್ಟೆವು, ಆದರೆ ಅದೇ ಉಳಿಯಿಂದ ಚಪ್ಪಲಿ ಹೊಲಿದವನನ್ನು ಜಗಲಿ ಹತ್ತಿಸಲಿಲ್ಲ. ಪೂಜೆ ಮಾಡಿದ್ದರಿಂದ ಆದ ವ್ಯತ್ಯಾಸ ಏನು?

ಇನ್ನು ಕತ್ತಿಯ ಮಾತು. ಕಾಡಿಗೆಯ ಆರೋಪವನ್ನು ನಾನು ಖಂಡಿತ ಒಪ್ಪುವುದಿಲ್ಲ. ಇಲ್ಲಿನ ಹೆಂಗಸರೂ ಒಪ್ಪಿದಂತಿಲ್ಲ, ಕಣ್ಣಿಗೆ ಕಪ್ಪು ಹಚ್ಚುತ್ತಲೇ ಇದ್ದಾರೆ. ಆದರೆ 2020ರಿಂದ 2022ರವರೆಗೆ ಟಿಗ್ರೇಯಲ್ಲಿ ಯುದ್ಧ ನಡೆದ ದೇಶ ಇದು. ಎರಡೂ ಕಡೆ ಅದೇ ಚರ್ಚಿಗೆ ಹೋಗುವ ಜನ ಇದ್ದರು. ಆಯುಧ ಮಾಡಲು ಕಲಿಸಿದವನೇ ಮೊದಲ ಅಪರಾಧಿ ಎಂದು ಒಂದು ಪುರಾಣ ನೇರವಾಗಿ ಹೇಳಿದರೆ, ಅದನ್ನು ತಳ್ಳಿಹಾಕಲು ನನ್ನ ಬಳಿ ಉತ್ತರ ಇಲ್ಲ. ನಮ್ಮ ಪುರಾಣಗಳಲ್ಲಿ ಅಸ್ತ್ರ ಕೊಟ್ಟ ದೇವರನ್ನು ಯಾರೂ ಕಟಕಟೆಗೆ ನಿಲ್ಲಿಸಿದ್ದು ನನಗೆ ನೆನಪಾಗುತ್ತಿಲ್ಲ.