ನೀರೋ ಕಾಲದಲ್ಲಿ ಕೊಲೋಸಿಯಂ ಎಲ್ಲಿತ್ತು?

ಹಳೆಯ ರೋಮ್‌ನಲ್ಲಿ ನಡೆಯುವ ಕ್ರೈಸ್ತ ಪ್ರೇಮ ಕಾದಂಬರಿಗಳ ಬಗ್ಗೆ ಲೇಖನ ಬರೆದಿದ್ದೀರಿ, ಖುಷಿಯಾಯಿತು ಸರ್. ಆದರೆ ಅದರಲ್ಲಿ ಚಕ್ರವರ್ತಿ ನೀರೋ ಕ್ರೈಸ್ತರನ್ನು ಕೊಲೋಸಿಯಂ ಅನ್ನುವ ದೊಡ್ಡ ಕ್ರೀಡಾಂಗಣದಲ್ಲಿ ಸಿಂಹಗಳಿಗೆ ಹಾಕಿಸಿದ ಅಂತ ಬರೆದಿರುವುದು ಸರಿಯಿಲ್ಲ. ನೀರೋ ಕ್ರೈಸ್ತರ ಮೇಲೆ ಹೊರಿಸಿದ ಆ ಬೆಂಕಿ ರೋಮ್‌ಗೆ ಬಿದ್ದಿದ್ದು ಕ್ರಿ.ಶ. 64ರಲ್ಲಿ, ನೀರೋ ಸತ್ತಿದ್ದು 68ರಲ್ಲಿ. ಕೊಲೋಸಿಯಂ ಉದ್ಘಾಟನೆಯಾಗಿದ್ದೇ 80ರಲ್ಲಿ! ನೀರೋ ಇದ್ದಾಗ ಆ ಜಾಗದಲ್ಲಿ ಅವನ ಅರಮನೆಯ ಕೆರೆ ಇತ್ತು. ರೋಮನ್ ಇತಿಹಾಸಕಾರ ಟ್ಯಾಸಿಟಸ್ ಬರೆದಿರುವುದೇ ಬೇರೆ: ಕ್ರೈಸ್ತರಿಗೆ ಪ್ರಾಣಿಗಳ ಚರ್ಮ ಹೊದಿಸಿ ನಾಯಿಗಳಿಂದ ಕಚ್ಚಿಸಿದರು, ಶಿಲುಬೆಗೆ ಹಾಕಿದರು, ಕತ್ತಲಾದ ಮೇಲೆ ದೀಪದ ಹಾಗೆ ಉರಿಸಿದರು. ಅದೂ ನೀರೋನ ಸ್ವಂತ ತೋಟದಲ್ಲಿ. ಸಿಂಹದ ಮಾತೇ ಇಲ್ಲ. (ಸಿನಿಮಾ ನೋಡಿ ನಾನೂ ಸಿಂಹ ಅಂತಲೇ ನಂಬಿದ್ದೆ ಬಿಡಿ.)

ಇನ್ನು ಆ ಕಾದಂಬರಿಗಳ ಕಥೆ: ಶ್ರೀಮಂತ ರೋಮನ್ ಹುಡುಗ, ಕ್ರೈಸ್ತ ದಾಸಿ, ಕೊನೆಗೆ ಮದುವೆ. ಅಷ್ಟು ಸುಲಭವಾ? ಗುಲಾಮರಿಗೆ ಕಾನೂನಿನ ಪ್ರಕಾರ ಮದುವೆಯೇ ಇರಲಿಲ್ಲ. ಅವಳನ್ನು ಬಿಡುಗಡೆ ಮಾಡಿದರೂ ಸೆನೆಟರ್ ಮನೆತನದ ಹುಡುಗನಿಗೆ ಚಕ್ರವರ್ತಿ ಅಗಸ್ಟಸ್ ತಂದ ಕಾನೂನು ಅಡ್ಡ ಬರುತ್ತಿತ್ತು. ಕಥೆಗೆ ಇದಕ್ಕಿಂತ ಒಳ್ಳೆ ಗಂಟು ಬೇಕಾ? ಸುಮ್ನೆ ಸಿಂಹ ಯಾಕೆ! ಕ್ರಿಸ್ತನನ್ನು ನಂಬದ ಗಂಡನ ಜೊತೆ ನಂಬಿದ ಹೆಂಡತಿ ಬಾಳಬಹುದಾ ಅನ್ನುವ ಪ್ರಶ್ನೆ ಕ್ರೈಸ್ತ ಧರ್ಮ ಸಾರಿದ ಪೌಲನಿಗೂ ಬಂದಿತ್ತು. ಬೈಬಲ್‌ನಲ್ಲಿ ಅವನು ಕೊರಿಂಥದವರಿಗೆ ಬರೆದ ಮೊದಲ ಪತ್ರದ 7ನೇ ಅಧ್ಯಾಯ ಓದಿ, ಒಂದು ಕಾದಂಬರಿಗೆ ಆಗುವಷ್ಟು ಅಲ್ಲೇ ಇದೆ.